ನಮ್ಮ ಗಲ್ಲಿಯ ಉತಾರ ಯಾರ ಹೆಸರಿನಲ್ಲಿದೆ?

ಬೆಳಗಾವಿಯಲ್ಲಿ ಮಿರಗದ ಮಳೆ ಹಿಡಿದರೆ ನಮ್ಮ ಸಾಲಿನ ಒಂಬತ್ತನೇ ಮನೆಯ ಮುಂದೆ ನೀರು ನಿಲ್ಲುತ್ತದೆ. ಮೊದಲ ವರ್ಷ ಅಲ್ಲಿ ಅಂಗೈಯಷ್ಟು ತಗ್ಗು ಇತ್ತು. ಈಗ ಸ್ಕೂಟರಿನ ಮುಂದಿನ ಗಾಲಿ ಅರ್ಧ ಇಳಿಯುತ್ತದೆ. ಕಳೆದ ಮಳೆಗಾಲದಲ್ಲಿ ಹಾಲು ತರಲು ಹೊರಟ ಪಕ್ಕದ ಮನೆಯ ಅಜ್ಜಿ ಅಲ್ಲೇ ಬಿದ್ದು ಮಣಿಕಟ್ಟು ಮುರಿದುಕೊಂಡರು. ಅವತ್ತು ಸಂಜೆ ಸಾಲಿನವರೆಲ್ಲ ರಸ್ತೆಯಲ್ಲೇ ನಿಂತು ಮಾತಾಡಿದೆವು. ಎಲ್ಲರದೂ ಒಂದೇ ಪ್ರಶ್ನೆ. ಈ ರಸ್ತೆ ರಿಪೇರಿ ಮಾಡಿಸಬೇಕಾದವರು ಯಾರು?

ನಮ್ಮದು ಊರಂಚಿನ ರೋ ಹೌಸ್ ಸಾಲು. ಗೋಡೆಗೆ ಗೋಡೆ ಅಂಟಿಕೊಂಡ 24 ಮನೆಗಳು, ನಡುವೆ 20 ಫೂಟಿನ ಡಾಂಬರು ರಸ್ತೆ. ಕೊನೆಯ ಮನೆ ಮಾರಾಟವಾದ ಮೇಲೆ ಬಿಲ್ಡರ್ ಫೋನ್ ಎತ್ತುವುದನ್ನು ಬಿಟ್ಟರು. ಅರ್ಜಿ ಹಿಡಿದು ಪಾಲಿಕೆ ಕಚೇರಿಗೆ ಹೋದರೆ, "ಸರ, ಅದು ಖಾಸಗಿ ರಸ್ತೆ ಐತ್ರಿ, ನಮಗ ಬರೂದಿಲ್ಲ" ಅಂದರು. ಸಾಲಿನ ಹಿರಿಯ ಕಾಕಾ ಒಬ್ಬರು ಘರಪಟ್ಟಿಯ, ಅಂದರೆ ಮನೆ ತೆರಿಗೆಯ, ಪಾವತಿಗಳನ್ನೆಲ್ಲ ಫೈಲು ಮಾಡಿ ಇಟ್ಟಿದ್ದಾರೆ. ಅದನ್ನು ಮುಂದಿಟ್ಟು ಅವರು ಕೇಳಿದರು: "ಘರಪಟ್ಟಿ ತಗೊಳ್ಳಾಕ ನಮ್ಮ ಮನಿ ಬರ್ತೈತಿ, ಮನಿ ಮುಂದಿನ ರಸ್ತೆ ಬರೂದಿಲ್ಲೇನ್ರಿ?"

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ಗೊತ್ತಾಗಿದ್ದೇನೆಂದರೆ, ಹಣ ಯಾರು ಕೊಡಬೇಕು ಎಂಬುದು ಎರಡನೆಯ ಪ್ರಶ್ನೆ. ರಸ್ತೆಯ ಉತಾರ, ಅಂದರೆ ಜಾಗದ ಮಾಲೀಕರು ಯಾರೆಂದು ಹೇಳುವ ದಾಖಲೆ, ಯಾರ ಹೆಸರಿನಲ್ಲಿದೆ ಎಂಬುದು ಮೊದಲನೆಯದು.

ಆದರೂ ಕಾಕಾ ಕೇಳಿದ ಘರಪಟ್ಟಿಯಿಂದಲೇ ಶುರು ಮಾಡುತ್ತೇನೆ. ಕರ್ನಾಟಕದ ನಗರಗಳಲ್ಲಿ ಆಸ್ತಿ ತೆರಿಗೆಯನ್ನು ನಾವೇ ಲೆಕ್ಕ ಹಾಕಿ ಕಟ್ಟುತ್ತೇವೆ. ಏಪ್ರಿಲ್‌ನಲ್ಲಿ ಕಟ್ಟಿದರೆ 5% ರಿಯಾಯಿತಿ. ಜಾಗದ ಮಾರ್ಗಸೂಚಿ ಬೆಲೆ, ಕಟ್ಟಡದ ಅಳತೆ, ವಾಸಕ್ಕೋ ಅಂಗಡಿಗೋ ಎಂಬುದು ಲೆಕ್ಕಕ್ಕೆ ಬರುತ್ತದೆ. ಮನೆ ಮುಂದಿನ ರಸ್ತೆ ಖಾಸಗಿ ಎಂದು ಯಾರೂ ತೆರಿಗೆ ಕಡಿಮೆ ಮಾಡುವುದಿಲ್ಲ. ಊರೊಳಗಿನ ಟಿಳಕವಾಡಿಯ ಮನೆಗೆ ಯಾವ ಲೆಕ್ಕವೋ ನಮ್ಮ ಸಾಲಿಗೂ ಅದೇ ಲೆಕ್ಕ.

ಹಾಗಂತ ಕಾಕಾ ಅವರ ವಾದ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಕಾನೂನಿನಲ್ಲಿ ತೆರಿಗೆ ಬೇರೆ, ಶುಲ್ಕ ಬೇರೆ. ಶುಲ್ಕ ಕೊಟ್ಟವರು ಅದಕ್ಕೆ ತಕ್ಕ ಸೇವೆ ಕೇಳಬಹುದು. ತೆರಿಗೆ ಇಡೀ ಊರಿನ ಖರ್ಚಿಗೆ ಹೋಗುತ್ತದೆ. ಘರಪಟ್ಟಿಯ ಜೊತೆ ಗ್ರಂಥಾಲಯ ಸೆಸ್ ಕಟ್ಟುತ್ತೇವೆ, ಲೈಬ್ರರಿ ಮೆಟ್ಟಿಲು ಹತ್ತದವರೂ ಕಟ್ಟುತ್ತಾರೆ. ನಮ್ಮ ತೆರಿಗೆಯಲ್ಲಿ ಒಂದು ಪಾಲು ನಾವು ದಿನಾ ಓಡಾಡುವ ಮುಖ್ಯ ರಸ್ತೆಗೂ ಹೋಗುತ್ತದೆ, ಅಲ್ವಾ? ಆದರೆ ನ್ಯಾಯದ ದೃಷ್ಟಿಯಿಂದ ನೋಡಿದರೆ ಕಾಕಾ ಮಾತಿನಲ್ಲಿ ತೂಕವಿದೆ. 1992ರಲ್ಲಿ ಆದ ಸಂವಿಧಾನದ 74ನೇ ತಿದ್ದುಪಡಿ ನಗರಸಂಸ್ಥೆಗಳಿಗೆ ಒಪ್ಪಿಸಬಹುದಾದ ಕೆಲಸಗಳ ಪಟ್ಟಿಯನ್ನು 12ನೇ ಅನುಸೂಚಿಯಲ್ಲಿ ಕೊಟ್ಟಿತು. ರಸ್ತೆ ಮತ್ತು ಸೇತುವೆ ಆ ಪಟ್ಟಿಯಲ್ಲಿವೆ. ಒಂದೇ ದರದ ತೆರಿಗೆ ಕಟ್ಟುವ ಎರಡು ಮನೆಗಳಲ್ಲಿ ಒಂದಕ್ಕೆ ರಸ್ತೆ, ಗಟಾರ, ದೀಪ ಸಿಗುತ್ತದೆ. ಇನ್ನೊಂದು ಅದೇ ಸೌಕರ್ಯಕ್ಕೆ ಮತ್ತೆ ಕೈಯಿಂದ ಹಾಕಬೇಕು. ಎರಡು ಸಲ ಕೊಟ್ಟಂತೆಯೇ ಆಯಿತು.

ಈಗ ಉತಾರದ ಮಾತು. ನಾವು ಸುಮ್ನೆ "ಲೇಔಟ್ ರಸ್ತೆ" ಅಂತ ಕರೆಯುವುದರಲ್ಲಿ ಮೂರು ತರಹದ ರಸ್ತೆಗಳಿವೆ. ನೋಡಲು ಎಲ್ಲ ಒಂದೇ ಥರ. ಕಾಗದದಲ್ಲಿ ಬೇರೆ ಬೇರೆ.

ಒಂದು, ನಗರಾಭಿವೃದ್ಧಿ ಪ್ರಾಧಿಕಾರದಿಂದ ಮಂಜೂರಾದ ಬಡಾವಣೆಯ ರಸ್ತೆ. ಬೆಳಗಾವಿಯಲ್ಲಿ ಆ ಕೆಲಸ ಬುಡಾದ್ದು, ಅಂದರೆ ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರದ್ದು. 1987ರ ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಪ್ರಾಧಿಕಾರದ ಲಿಖಿತ ಒಪ್ಪಿಗೆ ಇಲ್ಲದೆ ಯಾರೂ ಬಡಾವಣೆ ಮಾಡುವಂತಿಲ್ಲ, ಖಾಸಗಿ ರಸ್ತೆ ತೆಗೆಯುವಂತಿಲ್ಲ. ರಸ್ತೆ, ಗಟಾರ, ಒಳಚರಂಡಿ, ನೀರು, ದೀಪದ ಖರ್ಚನ್ನು ಪ್ರಾಧಿಕಾರ ಬಡಾವಣೆ ಮಾಡುವವನಿಂದಲೇ ಕಟ್ಟಿಸಿಕೊಳ್ಳಬಹುದು. ಆ ರಸ್ತೆ, ಖುಲ್ಲಾ ಜಾಗಗಳನ್ನು ಅವನು ಪರಿಹಾರ ಕೇಳದೆ ಬಿಟ್ಟುಕೊಡಲು ಒಪ್ಪಬೇಕು. ಬಿಟ್ಟುಕೊಟ್ಟಿದ್ದು ನೋಂದಣಿಯಾದರೆ ಅದು ಊರಿನ ರಸ್ತೆ. ಮುಂದಿನ ನಿರ್ವಹಣೆ ನಗರಸಂಸ್ಥೆಯದು. ರೋ ಹೌಸ್ ಆಗಲಿ, ಬಂಗ್ಲೋ ಆಗಲಿ, ಆ ರಸ್ತೆಗೆ ನಿವಾಸಿಗಳಿಂದ ಹಣ ಕೇಳುವುದು ತಪ್ಪು.

ಎರಡು, ಒಂದೇ ಪ್ಲಾಟಿನೊಳಗೆ ಸಾಲು ಮನೆ ಕಟ್ಟಿ ನಡುವೆ ಬಿಟ್ಟ ಒಳದಾರಿ. ಇದನ್ನು ಯಾರಿಗೂ ಬಿಟ್ಟುಕೊಟ್ಟಿರುವುದಿಲ್ಲ. ಮನೆ ಕೊಂಡವರೆಲ್ಲರಿಗೂ ಅದರಲ್ಲಿ ಪಾಲು ಇರುತ್ತದೆ. ಇದು ಅಪಾರ್ಟ್‌ಮೆಂಟಿನ ಮೆಟ್ಟಿಲು ಇದ್ದಂತೆ. ಮೆಟ್ಟಿಲಿಗೆ ಪಾಲಿಕೆ ಬಣ್ಣ ಬಳಿಯಲಿ ಎಂದು ಯಾರೂ ಕೇಳುವುದಿಲ್ಲ.

ಮೂರನೆಯದು ಹೆಚ್ಚು ಸಂಕಟದ್ದು. ಹೊಲವನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಬಾಂಡ್ ಪೇಪರಿನ ಮೇಲೆ ಮಾರಿದ ಜಾಗ. ಎನ್ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿಲ್ಲ, ನಕ್ಷೆ ಮಂಜೂರಾಗಿಲ್ಲ. ರಸ್ತೆ ಇರುವುದು ಕಾಗದದ ಚಕ್ಕುಬಂದಿಯಲ್ಲಿ ಮಾತ್ರ, "ಪೂರ್ವಕ್ಕೆ 20 ಫೂಟ್ ದಾರಿ" ಎಂಬ ಒಂದು ಸಾಲಾಗಿ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಊರುಗಳ ಅಂಚಿನಲ್ಲಿ ಇಂಥ ಜಾಗಗಳಿವೆ. 2025ರ ಫೆಬ್ರವರಿಯಲ್ಲಿ ಸರ್ಕಾರ ಇಂಥ ಆಸ್ತಿಗಳಿಗೆ ಬಿ ಖಾತಾ, ಅಂದರೆ ಮಂಜೂರಾತಿ ಇಲ್ಲದ ಆಸ್ತಿಯ ತೆರಿಗೆ ದಾಖಲೆ, ಕೊಡುವ ಅಭಿಯಾನ ಶುರು ಮಾಡಿತು. ಅದರಿಂದ ಮನೆ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಆದರೆ ಬಿ ಖಾತಾ ಕೊಡುವುದು ಮನೆಗೆ, ರಸ್ತೆಗೆ ಅಲ್ಲ. ತೆರಿಗೆ ತೆಗೆದುಕೊಂಡ ಮೇಲೆ ಆ ಗಲ್ಲಿಯ ಕೆಸರಿನ ಬಗ್ಗೆಯೂ ಯಾರಾದರೂ ಜವಾಬ್ದಾರಿ ಹೊರಬೇಕು ಎಂದು ನಾನು ನಂಬುತ್ತೇನೆ. ಇಂಥ ಕಡೆ ಮನೆ ಕೊಂಡವರಲ್ಲಿ ಜಾಸ್ತಿ ಜನ ಮಂಜೂರಾದ ಪ್ಲಾಟಿನ ಬೆಲೆ ಕೈಗೆ ಎಟುಕದೆ ಹೋದವರು.

ನಮ್ಮ ಸಾಲು ಇದರಲ್ಲಿ ಯಾವುದು? ಅದು ನಮಗೇ ಗೊತ್ತಿರಲಿಲ್ಲ. ಮನೆ ಕೊಳ್ಳುವಾಗ ಅಡುಗೆಮನೆಯ ಕಟ್ಟೆ ಎಷ್ಟು ಉದ್ದ ಎಂದು ಅಳೆದಿದ್ದೆವು. ರಸ್ತೆಯ ಕಾಗದ ಕೇಳಿರಲಿಲ್ಲ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಮಂಜೂರಾದ ನಕ್ಷೆಯ ಪ್ರತಿ ತೆಗೆಸಿದೆವು. ನಕ್ಷೆಯಲ್ಲಿ ನಮ್ಮ ರಸ್ತೆ ಬಿಟ್ಟುಕೊಡಬೇಕಾದ ಜಾಗ ಎಂದೇ ಇದೆ. ಆದರೆ ಬಿಟ್ಟುಕೊಟ್ಟ ಪತ್ರ ನೋಂದಣಿಯೇ ಆಗಿಲ್ಲ. ಉತಾರ ತೆಗೆದು ನೋಡಿದರೆ ಆ ಪಟ್ಟಿ ಜಾಗ ಇನ್ನೂ ಹಳೆಯ ಹೊಲದ ಮಾಲೀಕರ ಹೆಸರಿನಲ್ಲಿದೆ. ಅವರು ತೀರಿಕೊಂಡು ವರ್ಷಗಳಾಗಿವೆ. ನಾವು ದಿನಾ ಮಕ್ಕಳನ್ನು ಶಾಲೆಗೆ ಕಳಿಸುವ ರಸ್ತೆ ದಾಖಲೆಯಲ್ಲಿ ತೀರಿಹೋದವರೊಬ್ಬರ ಹೊಲ. ಕಾಗದ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ನಾಳೆ ವಾರಸುದಾರರ ನಡುವೆ ಪಾಲಿನ ತಕರಾರು ಎದ್ದರೆ ನಮ್ಮ ಬಾಗಿಲ ಮುಂದಿನ ನೆಲವೇ ತಕರಾರಿನ ಜಾಗವಾಗುತ್ತದೆ.

ತೊಂದರೆ ಇರುವುದು ಇಲ್ಲಿಯೇ. ಬಿಲ್ಡರ್ ಕೊನೆಯ ಮನೆ ಮಾರಿದ ದಿನ ಮತ್ತು ನಗರಸಂಸ್ಥೆ ರಸ್ತೆಯನ್ನು ವಹಿಸಿಕೊಳ್ಳುವ ದಿನ, ಈ ಎರಡರ ನಡುವೆ ವರ್ಷಗಳು ಕಳೆದುಹೋಗುತ್ತವೆ. ಆ ವರ್ಷಗಳಲ್ಲಿ ರಸ್ತೆ ಯಾರದೂ ಅಲ್ಲ. ಬಿಲ್ಡರ್ "ಮಾರಿಬಿಟ್ಟಿದ್ದೇನೆ" ಅನ್ನುತ್ತಾನೆ. ಅಧಿಕಾರಿ "ಹಸ್ತಾಂತರ ಆಗಿಲ್ಲ" ಅನ್ನುತ್ತಾರೆ. ಅಧಿಕಾರಿಯ ಕಷ್ಟವೂ ಸುಳ್ಳಲ್ಲ. ಖಾಸಗಿ ಹೆಸರಿನ ಜಾಗದ ಮೇಲೆ ಸರ್ಕಾರಿ ಹಣ ಹಾಕಿದರೆ ನಾಳೆ ಆಡಿಟ್‌ನಲ್ಲಿ ಆಕ್ಷೇಪ ಬರುತ್ತದೆ. ಮಳೆ ಮಾತ್ರ ಹಸ್ತಾಂತರಕ್ಕೆ ಕಾಯುವುದಿಲ್ಲ.

ಬೆಳಗಾವಿ ಸಹ್ಯಾದ್ರಿಗೆ ಹತ್ತಿರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಡಾಂಬರಿಗೆ ದೊಡ್ಡ ಪರೀಕ್ಷೆ. ಡಾಂಬರಿನ ಶತ್ರು ನಿಂತ ನೀರು. ಗಟಾರ ಸರಿ ಇಲ್ಲದಿದ್ದರೆ ನೀರು ಬಿರುಕಿನಲ್ಲಿ ಇಳಿದು ಕೆಳಗಿನ ಕಡಿಯನ್ನು ಸಡಿಲ ಮಾಡುತ್ತದೆ. ಮೇಲೆ ಒಂದು ಟೆಂಪೊ ಹೋದರೆ ಸಾಕು, ತಗ್ಗು ಬಿತ್ತು. ವಿಜಯಪುರದಲ್ಲಿ ಮಳೆ ಕಡಿಮೆ, ಆದರೆ ನೆಲ ಎರೆಮಣ್ಣು. ಎರೆ ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ರಸ್ತೆ ನಿಲ್ಲಬೇಕಾದರೆ ಕರಿಮಣ್ಣನ್ನು ಒಂದಷ್ಟು ಆಳ ತೆಗೆದು ಗರಸು ತುಂಬಿ, ನೀರು ಹೊಡೆದು ರೋಲರ್ ಹಾಕಬೇಕು. ಮನೆ ಮಾರುವ ಅವಸರದಲ್ಲಿ ಇದನ್ನೆಲ್ಲ ಬಿಟ್ಟು ಮೇಲೊಂದು ತೆಳು ಪದರ ಎಳೆದರೆ ಮೊದಲ ದಿನ ಹೊಳೆಯುತ್ತದೆ. ಕೊಳ್ಳಲು ಬಂದವರು ನೋಡುವುದೂ ಆ ಹೊಳಪನ್ನೇ. ಮೇಲಿನಿಂದ ಕಾಣದ ಕೆಲಸ ಸರಿಯಾಗಿ ಆಗಿಲ್ಲ ಎಂಬುದು ಎರಡನೇ ಮಳೆಗಾಲದಲ್ಲಿ ಗೊತ್ತಾಗುತ್ತದೆ.

ಹಾಗಾಗಿ ಮೊದಲ ಬಿಲ್ಲು ಬಿಲ್ಡರನಿಗೇ ಹೋಗಬೇಕು. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಕಾನೂನೂ ಹಾಗೇ ಹೇಳುತ್ತದೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ ನಿವಾಸಿಗಳ ಸಂಘ ವಹಿಸಿಕೊಳ್ಳುವವರೆಗೆ ಅಗತ್ಯ ಸೇವೆಗಳನ್ನು ನೋಡಿಕೊಳ್ಳಬೇಕಾದವನು ಬಿಲ್ಡರ್. ಸ್ವಾಧೀನ ಕೊಟ್ಟು 5 ವರ್ಷದೊಳಗೆ ಕಾಮಗಾರಿಯ ಗುಣಮಟ್ಟದಲ್ಲಿ ದೋಷ ಕಂಡು ತಿಳಿಸಿದರೆ ಅವನೇ ಖರ್ಚಿಲ್ಲದೆ ಸರಿಪಡಿಸಬೇಕು. ಇದು ಮನೆಗಳಿಗೆ ಮಾತ್ರ ಅಲ್ಲ, ಪ್ಲಾಟ್ ಬಡಾವಣೆಗಳಿಗೂ ಅನ್ವಯ. ಜಾಗ 500 ಚದರ ಮೀಟರಿಗಿಂತ ಜಾಸ್ತಿ ಇದ್ದು, ಮನೆಗಳು 8ಕ್ಕಿಂತ ಹೆಚ್ಚಿದ್ದರೆ ನೋಂದಣಿ ಕಡ್ಡಾಯ. ಸ್ವಾಧೀನ ತೆಗೆದುಕೊಂಡ ತಾರೀಖನ್ನು ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ ಎಂದು ಹೊಸದಾಗಿ ಮನೆ ಕೊಳ್ಳುವವರಿಗೆ ಕೈಮುಗಿದು ಹೇಳುತ್ತೇನೆ. 5 ವರ್ಷ ಬೇಗ ಕಳೆಯುತ್ತದೆ. ನಾವು ಹೇಗೋ ಆಗುತ್ತದೆ ಎಂದು ಸುಮ್ಮನಿದ್ದು ಕಳೆದುಕೊಂಡೆವು.

ಇದಕ್ಕಿಂತ ಗಟ್ಟಿಯಾದ ಹಿಡಿತ ಪ್ರಾಧಿಕಾರಗಳ ಕೈಯಲ್ಲಿ ಇದೆ. ಕೆಲಸ ಮುಗಿದಂತೆ ಹಂತ ಹಂತವಾಗಿ ಪ್ಲಾಟುಗಳನ್ನು ಮಾರಾಟಕ್ಕೆ ಬಿಡುವುದು. ಕೊನೆಯ ಕೆಲವು ಪ್ಲಾಟು ಕೈಯಲ್ಲಿದ್ದರೆ ಯಾವ ಬಿಲ್ಡರನೂ ಫೋನ್ ಎತ್ತುತ್ತಾನೆ. ಗಟಾರ ಮುಗಿಯದೆ, ರಸ್ತೆ ಒಂದು ಮಳೆಗಾಲ ಕಳೆಯದೆ, ಬಿಟ್ಟುಕೊಟ್ಟ ಪತ್ರ ನೋಂದಣಿಯಾಗದೆ ಆ ಕೊನೆಯ ಕಂತನ್ನು ಬಿಡಲೇಬಾರದು. ಒಂದು ಮಳೆಗಾಲ ಅಂದದ್ದು ಬೇಕೆಂದೇ. ಏಪ್ರಿಲ್‌ನಲ್ಲಿ ನೋಡಿದ ರಸ್ತೆ ಯಾವುದೂ ಕೆಟ್ಟದಾಗಿ ಕಾಣುವುದಿಲ್ಲ.

ಇನ್ನು ಪಾಲಿಕೆ. ಎಲ್ಲವನ್ನೂ ಪಾಲಿಕೆಯೇ ವಹಿಸಿಕೊಳ್ಳಲಿ ಎಂದು ನಮ್ಮ ಸಭೆಯಲ್ಲಿ ಒಬ್ಬರು ಹೇಳಿದಾಗ ಎಲ್ಲರೂ ತಲೆಯಾಡಿಸಿದರು. ನಾನು ಆಡಿಸಲಿಲ್ಲ. ವಡಗಾವಿ, ಖಾಸಬಾಗದ ನೇಕಾರರ ಓಣಿಗಳನ್ನು ನೋಡಿದ್ದೇನೆ. ಮಗ್ಗದ ಸದ್ದಿನ ನಡುವೆ ಬದುಕುವ ಆ ಮನೆಗಳೂ ಘರಪಟ್ಟಿ ಕಟ್ಟುತ್ತವೆ. ಅವರ ಓಣಿಯ ಗಟಾರಕ್ಕೆ ಇಡಬೇಕಾದ ಹಣವನ್ನು ತೆಗೆದು, ಬಿಲ್ಡರ್ ಲಾಭ ಮಾಡಿಕೊಂಡು ಹಾಳುಬಿಟ್ಟ ನಮ್ಮ ರಸ್ತೆಗೆ ಹಾಕಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಬಿಲ್ಡರ್ ಉಳಿಸಿಕೊಂಡ ದುಡ್ಡನ್ನು ನೇಕಾರ ಯಾಕೆ ತುಂಬಬೇಕು? ರಸ್ತೆ ಮೊದಲು ಸರಿಯಾಗಲಿ, ಆಮೇಲೆ ಊರಿನದಾಗಲಿ. ಈ ಕ್ರಮ ತಪ್ಪಬಾರದು.

ಈ ಕ್ರಮಕ್ಕೆ ದಾರಿ ನಮ್ಮ ಕಾನೂನಿನಲ್ಲೇ ಇದೆ. 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯಲ್ಲಿ ಖಾಸಗಿ ರಸ್ತೆಯ ಬಗ್ಗೆ ಎರಡು ಮಾತುಗಳಿವೆ. ಖಾಸಗಿ ರಸ್ತೆ ಸಮತಟ್ಟಾಗಿಲ್ಲ, ಚರಂಡಿ ಇಲ್ಲ, ದೀಪ ಇಲ್ಲ ಎಂದಾದರೆ ಆಯುಕ್ತರು ರಸ್ತೆಯ ಮಾಲೀಕರಿಗೂ ಅದಕ್ಕೆ ಹೊಂದಿಕೊಂಡ ಮನೆ ಮಾಲೀಕರಿಗೂ ನೋಟಿಸ್ ಕೊಡಬಹುದು. ಮಾಡದಿದ್ದರೆ ತಾವೇ ಮಾಡಿಸಿ ಖರ್ಚು ವಸೂಲಿ ಮಾಡಬಹುದು. ಇದು ನಮಗೆ ಸ್ವಲ್ಪ ಹೆದರಿಕೆಯ ಮಾತು. ಎರಡನೆಯದು ಧೈರ್ಯ ಕೊಡುವಂಥದ್ದು. ಹಾಗೆ ಸರಿಯಾದ ರಸ್ತೆಯನ್ನು ಸಾರ್ವಜನಿಕ ರಸ್ತೆ ಎಂದು ಘೋಷಿಸಿ ಎಂದು ಮಾಲೀಕರು ಕೇಳಬಹುದು. ಈ ಎರಡನೆಯ ಅವಕಾಶ ಎಷ್ಟು ಜನಕ್ಕೆ ಗೊತ್ತು? ನಮ್ಮ 24 ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹಿಂಡಲಗಾ, ಕಂಗ್ರಾಳಿಯಂಥ ಪಂಚಾಯಿತಿ ಕಡೆಯ ಸಾಲುಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅಲ್ಲಿ ಪಂಚಾಯಿತಿಯ ಹಣವೂ ಕಡಿಮೆ, ಹಾಗಾಗಿ ಬಿಲ್ಡರನ ಹಂತದಲ್ಲೇ ಹಿಡಿಯುವುದು ಇನ್ನೂ ಮುಖ್ಯ.

ಗೇಟಿನ ಪ್ರಶ್ನೆಯನ್ನೂ ಬಿಡಿಸಿ ಹೇಳಬೇಕು. ನಮ್ಮ ಸಭೆಯಲ್ಲಿ ಕೆಲವರಿಗೆ ಎರಡೂ ಬೇಕಿತ್ತು, ಪಾಲಿಕೆಯ ಡಾಂಬರೂ ಬೇಕು, ತಮ್ಮದೇ ಗೇಟೂ ವಾಚ್‌ಮನ್ನೂ ಬೇಕು. ಅದು ಆಗುವ ಮಾತಲ್ಲ. ಬೆಂಗಳೂರಿನ ಒಂದು ಬಡಾವಣೆಯ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ, ಬಿಟ್ಟುಕೊಟ್ಟ ರಸ್ತೆ ಸಾರ್ವಜನಿಕರದು, ಅಲ್ಲಿ ಹೊರಗಿನವರನ್ನು ತಡೆಯುವಂತಿಲ್ಲ. ಊರಿನ ಹಣ ಬೇಕಾದರೆ ಊರಿನವರು ಓಡಾಡಲಿ. ಗೇಟು ಬೇಕಾದರೆ ರಸ್ತೆಯ ಖರ್ಚು ಗೇಟಿನ ಒಳಗಿನವರದು.

ಹೊರದೇಶಗಳಲ್ಲೂ ಈ ಜಗಳ ಇದೆ. ಬ್ರಿಟನ್ನಿನಲ್ಲಿ 11 ದೊಡ್ಡ ಬಿಲ್ಡರ್‌ಗಳು 2021-22ರಲ್ಲಿ ಮಾರಿದ ಸ್ವಂತ ಹಕ್ಕಿನ ಹೊಸ ಮನೆಗಳಲ್ಲಿ 80% ಮನೆಗಳು ರಸ್ತೆ, ಉದ್ಯಾನದ ನಿರ್ವಹಣೆಗೆ ಖಾಸಗಿ ಶುಲ್ಕ ಕೊಡಬೇಕಾದವು ಎಂದು ಅಲ್ಲಿನ ಸ್ಪರ್ಧಾ ಪ್ರಾಧಿಕಾರ 2024ರ ವರದಿಯಲ್ಲಿ ಬರೆದಿದೆ. ಹೊಸ ಬಡಾವಣೆಗಳ ಸೌಕರ್ಯಗಳನ್ನು ಸ್ಥಳೀಯ ಸಂಸ್ಥೆ ವಹಿಸಿಕೊಳ್ಳುವುದು ಕಡ್ಡಾಯವಾಗಲಿ ಎಂದು ಸಲಹೆಯನ್ನೂ ಕೊಟ್ಟಿದೆ. ಅಮೆರಿಕದ ನ್ಯೂಜೆರ್ಸಿ ರಾಜ್ಯದ ದಾರಿ ನನಗೆ ಹೆಚ್ಚು ಹಿಡಿಸಿತು. ಅಲ್ಲಿನ ಟೌನ್‌ಹೌಸ್ ಸಮುದಾಯಗಳ ರಸ್ತೆ ಖಾಸಗಿಯಾಗಿದ್ದರೂ ಕಸ ಎತ್ತುವುದು, ಬೀದಿ ದೀಪ, ಹಿಮ ತೆಗೆಯುವುದು ಇವನ್ನು ಊರಿನ ಆಡಳಿತವೇ ಮಾಡಬೇಕು, ಇಲ್ಲವೇ ಅದರ ಖರ್ಚನ್ನು ಸಂಘಕ್ಕೆ ಕೊಡಬೇಕು ಎಂಬ ಕಾನೂನಿದೆ. ರಸ್ತೆಗೆ ಹೊಸ ಡಾಂಬರು ಹಾಕುವ ಖರ್ಚು ಮಾತ್ರ ನಿವಾಸಿಗಳದು. ನಮ್ಮಲ್ಲಿ ಹಿಮದ ಜಾಗಕ್ಕೆ ಮಳೆಗಾಲಕ್ಕೆ ಮೊದಲು ಗಟಾರದ ಹೂಳು ತೆಗೆಯುವುದನ್ನು ಸೇರಿಸಿಕೊಳ್ಳಬಹುದು. ನಮ್ಮ ಸಾಲಿನ ಬೀದಿ ದೀಪದ ಮೀಟರು ಇನ್ನೂ ಬಿಲ್ಡರನ ಹೆಸರಿನಲ್ಲಿದೆ. ಹೆಸ್ಕಾಂ ಬಿಲ್ಲನ್ನು ನಾವು ತಿಂಗಳಿಗೊಬ್ಬರಂತೆ ಕಟ್ಟುತ್ತೇವೆ. ಘರಪಟ್ಟಿ ಕಟ್ಟುವ ಮನೆಗಳಿಗೆ ಇಷ್ಟಾದರೂ ವಾಪಸು ಬಂದರೆ ಕಾಕಾ ಅವರ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ.

ಹಾಗಾದರೆ ಹಸ್ತಾಂತರ ಆಗುವವರೆಗೆ ಏನು? ಪಟ್ಟಿ, ಅಂದರೆ ವಂತಿಗೆ, ಎತ್ತಲೇಬೇಕು. ಗಣಪತಿಗೆ ಪಟ್ಟಿ ಎತ್ತುವ ಊರು ನಮ್ಮದು, ರಸ್ತೆಗೆ ಎತ್ತುವುದು ಕಷ್ಟವಲ್ಲ ಎಂದುಕೊಂಡಿದ್ದೆ. ಕಷ್ಟವೇ ಆಯಿತು. ಮುಖ್ಯ ರಸ್ತೆಗೆ ಹತ್ತಿದ ಮೊದಲ ಮನೆಯವರು "ನಮ್ಮ ಗಾಡಿ ಒಳಗ ಬರೂದೇ ಇಲ್ಲ" ಅಂದರು. ಬಾಡಿಗೆಯವರು ಮಾಲೀಕರ ಕಡೆ ಕೈ ತೋರಿಸಿದರು. ಒಬ್ಬ ಮಾಲೀಕರು ಪುಣೆಯಲ್ಲಿದ್ದಾರೆ, ಮೆಸೇಜು ನೋಡುತ್ತಾರೆ, ಉತ್ತರ ಕೊಡುವುದಿಲ್ಲ. ಕೊನೆಯ ಮನೆಯವರಿಗೆ ಪೂರ್ತಿ ರಸ್ತೆ ಬೇಕು, ಆದರೆ ಅವರು ಪಿಂಚಣಿಯಲ್ಲಿ ಬದುಕುವವರು. ಕೊಡದವರಿಂದ ವಸೂಲಿ ಮಾಡುವ ಬಲ ಸಣ್ಣ ಸಂಘಕ್ಕೆ ಇರುವುದಿಲ್ಲ. ಆರು ಮನೆ ಕೊಡದಿದ್ದರೆ ಉಳಿದ ಹದಿನೆಂಟು ಮನೆ ಅವರ ಪಾಲನ್ನೂ ಹೊರಬೇಕು. ಆಗ ಕೊಟ್ಟವರ ಮನಸ್ಸೂ ಕೆಡುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ರಸ್ತೆ ಮರುನಿರ್ಮಾಣಕ್ಕೆ 12 ಲಕ್ಷ ಬೇಕು ಎಂದಿಟ್ಟುಕೊಳ್ಳಿ. 24 ಮನೆಗೆ ಹಂಚಿದರೆ ತಲಾ 50,000. ಒಂದೇ ಸಲ ಕೇಳಿದರೆ ಯಾರಿಗೂ ಎದೆ ಝಲ್ಲೆನ್ನುತ್ತದೆ. ಅದೇ ಹಣವನ್ನು ಹತ್ತು ವರ್ಷ ಕೂಡಿಟ್ಟರೆ ತಿಂಗಳಿಗೆ 417 ರೂಪಾಯಿ. ಮೊದಲ ದಿನದಿಂದ ಬ್ಯಾಂಕಿನಲ್ಲಿ ರಸ್ತೆಗೆಂದೇ ಒಂದು ಖಾತೆ ತೆರೆದಿದ್ದರೆ ಇವತ್ತು ಇಷ್ಟು ಜಗಳ ಇರುತ್ತಿರಲಿಲ್ಲ. ರೋ ಹೌಸ್ ಕೊಳ್ಳುವಾಗ ತಗ್ಗು ಬೆಲೆ ನೋಡಿ ಖುಷಿಪಡುತ್ತೇವೆ. ಈ 417 ರೂಪಾಯಿಯೂ ಆ ಬೆಲೆಯ ಭಾಗ. ಅದನ್ನು ಮಾರುವವರು ಹೇಳುವುದಿಲ್ಲ, ಕ್ರಯಪತ್ರದಲ್ಲೇ ಬರೆಯುವುದು ಕಡ್ಡಾಯವಾಗಬೇಕು.

ಹಂಚುವುದು ಹೇಗೆ ಎಂಬುದಕ್ಕೆ ನನ್ನ ಅಭಿಪ್ರಾಯ ಇದು. ದೀಪ, ಗುಡಿಸುವುದು, ಗಟಾರಕ್ಕೆ ಮನೆಗೊಂದು ಸಮಪಾಲು. ರಸ್ತೆ ಮರುನಿರ್ಮಾಣಕ್ಕೆ ಮನೆ ಮುಂಗಡೆಯ ಅಗಲದ ಪ್ರಕಾರ. ಅಂಚಿನ ದೊಡ್ಡ ಮನೆಯವರ ಪಾಲು ಜಾಸ್ತಿ, ನಡುವಿನ ಸಣ್ಣ ಮನೆಯವರದು ಕಡಿಮೆ. ಖಾಲಿ ಪ್ಲಾಟಿನವರೂ ಕೊಡಬೇಕು, ರಸ್ತೆ ಆದರೆ ಅವರ ಪ್ಲಾಟಿನ ಬೆಲೆಯೇ ಮೊದಲು ಏರುತ್ತದೆ. ಬಾಡಿಗೆಯವರಿಂದ ಕೇಳಬಾರದು. ಮೊದಲ ಮನೆಯವರ ಮಾತನ್ನು ನಾನು ಒಪ್ಪುವುದಿಲ್ಲ. ಅವರ ಗಾಡಿ ಒಳಗೆ ಬರದಿರಬಹುದು, ಅವರ ಅಂಗಳದ ನೀರು ಹರಿದು ಬರುವುದು ಒಂಬತ್ತನೇ ಮನೆಯ ಕಡೆಗೇ.

ಇನ್ನೊಂದು ವಿಷಯ. ರಸ್ತೆ ನಮ್ಮದಾಗಿದ್ದರೂ ಅದರ ಕೆಳಗಿನ ಪೈಪುಗಳು ಊರಿನವು. 24 ತಾಸು ನೀರು ಕೊಡುವ ಯೋಜನೆ ಬೆಳಗಾವಿಯ ಆಯ್ದ ವಾರ್ಡುಗಳಲ್ಲಿ 2008ರ ಹೊತ್ತಿಗೇ ಶುರುವಾಗಿತ್ತು. ಯೋಜನೆ ಒಳ್ಳೆಯದು, ನಮ್ಮ ಕಡೆಗೂ ಬರಲಿ. ಆದರೆ ಪೈಪಿಗಾಗಿ ಅಗೆದವರೇ ಮುಚ್ಚಿ ಮೊದಲಿನಂತೆ ಮಾಡಿಕೊಡಬೇಕು, ಖಾಸಗಿ ರಸ್ತೆ ಎಂದು ಮಣ್ಣು ಎಳೆದು ಹೋಗಬಾರದು. ಇದೇ ಕಾರಣಕ್ಕೆ ನಾವು ಕಾಂಕ್ರೀಟ್ ಬಿಟ್ಟು ಪೇವರ್ಸ್ ಹಾಕಿಸುವ ಯೋಚನೆಯಲ್ಲಿದ್ದೇವೆ. ಪೈಪ್ ಹಾಕುವಾಗ ಎತ್ತಿ, ಮತ್ತೆ ಅದನ್ನೇ ಕೂರಿಸಬಹುದು.

ಬಾಗಲಕೋಟೆಯ ನನ್ನ ಮಾವನವರಿಗೆ ಈ ಕಥೆ ಹೇಳಿದಾಗ ಆಶ್ಚರ್ಯಪಟ್ಟರು. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು ನವನಗರಕ್ಕೆ ಬಂದ ಕುಟುಂಬ ಅವರದು. ಅಲ್ಲಿ ಪಟ್ಟಣ ಅಭಿವೃದ್ಧಿ ಪ್ರಾಧಿಕಾರವೇ ಸೆಕ್ಟರ್ ಹಾಕಿ ರಸ್ತೆ ಮಾಡಿತು. "ಮನಿ ಮುಂದಿನ ರಸ್ತೆ ಯಾರದು ಅಂತ ನಾವು ಒಂದಿನಾನೂ ಕೇಳಿಲ್ಲ" ಅಂದರು. ಕೇಳಬೇಕಾಗಿ ಬರದಿರುವುದೇ ಸರಿಯಾದ ಸ್ಥಿತಿ ಎಂದು ನನಗನ್ನಿಸಿತು.

ನಮ್ಮ ಸಾಲಿನಲ್ಲಿ ಈಗ ಮೂರು ಕೆಲಸ ನಡೆದಿವೆ. ಹಳೆಯ ಹೊಲದ ಮಾಲೀಕರ ಮಕ್ಕಳನ್ನು ಹುಡುಕಿ ಮಾತಾಡಿದೆವು. ಇಬ್ಬರು ರಸ್ತೆ ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಲು ಒಪ್ಪಿದ್ದಾರೆ, ಮೂರನೆಯವರು ವಕೀಲರನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ. ಬಿಲ್ಡರನಿಗೆ ನೋಟಿಸ್ ಹೋಗಿದೆ. ಪಟ್ಟಿಯಲ್ಲಿ ಹತ್ತೊಂಬತ್ತು ಮನೆ ಆಗಿವೆ. ಹತ್ತೊಂಬತ್ತನೆಯದು ಮುಖ್ಯ ರಸ್ತೆಯ ಆ ಮೊದಲ ಮನೆ. ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡೇ ಅಜ್ಜಿ ಒಂದು ದಿನ ಅವರ ಮನೆಗೆ ಹೋಗಿ ಕೂತು ಮಾತಾಡಿ ಬಂದರು. ಒಂಬತ್ತನೇ ಮನೆಯ ಮುಂದಿನ ತಗ್ಗಿಗೆ ಸದ್ಯಕ್ಕೆ ಗರಸು ತುಂಬಿ, ಪಕ್ಕದಲ್ಲಿ ನೀರು ಹೋಗಲು ಒಂದು ಕಾಲುವೆ ತೋಡಿದ್ದೇವೆ.